ಗುಹೆಯ ನೂಲು, ಒಂದು ಗೇಣು

ನನಗೆ ಹುಟ್ಟಿನಿಂದ ಎರಡು ಚಟ. ಮೂಗಿನ ತುದಿಯಲ್ಲಿ ಕೋಪ, ಕೈಯಲ್ಲಿ ಹಿಡಿಸೂಡಿ, ಅಂದರೆ ಕಡ್ಡಿಪೊರಕೆ. ಬ್ರಹ್ಮಾವರದ ಹತ್ತಿರದ ನಮ್ಮ ತವರುಮನೆಯಲ್ಲಿ ಬೆಳಿಗ್ಗೆ ಬಲೆ ಕಟ್ಟಿದ ಜೇಡ ಮಧ್ಯಾಹ್ನದ ಊಟದವರೆಗೆ ಬದುಕಿದ್ದು ನನಗೆ ನೆನಪಿಲ್ಲ. "ಇದ್ನ ಮದಿ ಆದವ್ರ್ ಮನಿ ಕನ್ನಡಿ ಆತ್ತ್. ಮನಿಯವ್ರ್ ಗತಿ ಮಾತ್ರ ದೇವ್ರಿಗೇ ಗೊತ್ತ್" ಎಂದು ಅಪ್ಪಯ್ಯ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆದುರೇ ಹೇಳಿ ನಕ್ಕಿದ್ದರು. ಅವರು ಅದನ್ನು ತಮಾಷೆ ಎಂದುಕೊಂಡು ಒಪ್ಪಿ ಹೋದರು.

ತೊಂಬತ್ತೇಳರ ಕೊನೆಯಲ್ಲಿ ಮದುವೆಯಾಗಿ, ಹಾಲಾಡಿ ದಾಟಿ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿರುವ ಒಂದು ಮನೆಗೆ ಬಂದೆ. ಗಂಡ ಬಸ್ಸಿನ ಕಂಡಕ್ಟರ್. ಮೊದಲ ಟ್ರಿಪ್ಪಿಗೆ ಹೋದರೆ ಕೊನೆಯ ಟ್ರಿಪ್ಪಿಗೆ ಬರುವವರು, ಹಾಗಾಗಿ ಈ ಕಥೆಯಲ್ಲಿ ಅವರಿಗೆ ಹೆಚ್ಚು ಕೆಲಸವಿಲ್ಲ. ಹಗಲು ಮನೆಯಲ್ಲಿ ಇರುತ್ತಿದ್ದವರು ಅತ್ತೆ, ಮಾವ ಮತ್ತು ನಾನು. ಅತ್ತೆಗೆ ಮಾತು ಕಡಿಮೆ. ಮಾವನಿಗೆ ಆಗ ಅರವತ್ತು ಹತ್ತಿರ ಬಂದಿತ್ತು, ಆದರೆ ಕಣ್ಣು ಗಿಡುಗನದು. ಚಾವಡಿಯಲ್ಲಿ ಕೂತು ಆಚೆ ಗುಡ್ಡೆಯ ದನ ಯಾರ ಮನೆಯದೆಂದು ಹೇಳುತ್ತಿದ್ದರು. ನಾನು ಹೊಲಿಗೆ ಯಂತ್ರದಲ್ಲಿ ರವಿಕೆ ಹೊಲಿಯುವಾಗ ಸೂಜಿಗೆ ನೂಲು ಪೋಣಿಸಿ ಕೊಡುವುದು ಅವರ ಸ್ವಯಂಘೋಷಿತ ಹುದ್ದೆಯಾಗಿತ್ತು. ಒಂದೇ ಏಟಿಗೆ ಪೋಣಿಸಿ, "ಹಿಡಿ, ನಿನ್ನ್ ವಯಸ್ಸಿನವ್ರ್ ಕಣ್ಣಾ ಅದ್!" ಎಂದು ನನ್ನನ್ನು ಛೇಡಿಸುವುದೂ ಆ ಹುದ್ದೆಯಲ್ಲೇ ಸೇರಿತ್ತು.

ಮನೆಯ ಹಿಂದೆ ಗದ್ದೆ. ಗದ್ದೆಯ ಆಚೆ ಮುರಕಲ್ಲಿನ ಗುಡ್ಡೆ. ಆ ಗುಡ್ಡೆಯ ಬುಡದಲ್ಲಿ ಒಂದು ಗುಹೆ. ತುಂಬ ದೊಡ್ಡದೇನಲ್ಲ, ಬಾಗಿ ಒಳಗೆ ಹೋದರೆ ಹತ್ತು ಹೆಜ್ಜೆಯ ನಂತರ ನೆಟ್ಟಗೆ ನಿಲ್ಲಬಹುದು. ಒಳಗೆ ಕೊಡ ಮುಳುಗುವಷ್ಟು ಒಂದು ನೀರಿನ ಹೊಂಡ, ಅದು ಬೇಸಿಗೆಯಲ್ಲೂ ಬತ್ತುವುದಿಲ್ಲ. ಮೂಲೆಯಲ್ಲಿ ಬಾವಲಿ. ಮದುವೆಯಾದ ಹೊಸದರಲ್ಲಿ ಯಾರೋ ದೂರದಿಂದ ಬೆರಳು ತೋರಿಸಿ "ಅದೇ ನಮ್ ಗುಹಿ" ಎಂದಿದ್ದರು. ಅದಕ್ಕಿಂತ ಹೆಚ್ಚು ಏನನ್ನೂ ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಿರುವ ವಿಷಯವನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ, ಎಲ್ಲ ಕಡೆಯ ಸೊಸೆಯರ ಪಾಡೂ ಇದೇ.

ಮೇ ತಿಂಗಳು ಬಂತು, ಅದರ ಕೊನೆಯ ವಾರದಲ್ಲಿ ಹತ್ತನಾವಧಿ ಬಂತು. ನಮ್ಮ ಕಡೆ ಅದು ವರ್ಷದ ಒಂದು ಗಡಿ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಗದ್ದೆಯವರು ಮಳೆಯ ಲೆಕ್ಕ ಹಾಕತೊಡಗುತ್ತಾರೆ. ಹಿಂದಿನ ದಿನ ಬೆಳಿಗ್ಗೆ ಅತ್ತೆ, "ನಾಳೆ ಜನ ಬತ್ರ್. ಗುಹಿ ಬಳಿ ಒಂಚೂರ್ ಗುಡ್ಸಿಡ್" ಎಂದರು. ಒಂಚೂರು ಎಂಬ ಮಾತು ನನ್ನ ನಿಘಂಟಿನಲ್ಲಿ ಇಲ್ಲ. ತೆಂಗಿನ ಕಡ್ಡಿಯ ಹೊಸ ಹಿಡಿಸೂಡಿಯನ್ನು ಉದ್ದದ ಬಿದಿರಿಗೆ ಕಟ್ಟಿ, ತಲೆಗೆ ಹಳೆಯ ಪಂಚೆ ಸುತ್ತಿ, ಗಂಡನ ಟಾರ್ಚು ಹಿಡಿದು ಹೊರಟೆ.

ಗುಹೆಯ ಬಾಯಿ ಗುಡಿಸಲು ಐದು ನಿಮಿಷ ಸಾಕಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಳಗೆ ಟಾರ್ಚು ಬಿಟ್ಟು ನೋಡಿದೆ. ದೇವರೇ! ಗೋಡೆಯ ತುಂಬ ಉದ್ದ ಕಾಲಿನ, ಸೊಳ್ಳೆಯ ಹಾಗಿರುವ ನೊಣಗಳು. ಕಚ್ಚುವುದಿಲ್ಲ, ಗುಂಯ್‌ಗುಡುವುದಿಲ್ಲ, ಸುಮ್ಮನೆ ಕೂತಿದ್ದವು. ತಲೆಯ ಮೇಲೆ ಸೂರಿನ ಹಾಗಿದ್ದ ಕಲ್ಲಿನ ಮಾಡಿನ ತುಂಬ ನೂಲು ಇಳಿಬಿದ್ದಿತ್ತು. ಒಂದೆರಡಲ್ಲ, ನೂರಾರು. ಪ್ರತಿ ನೂಲಿಗೂ ಸಾಲಾಗಿ ನೀರಿನ ಹನಿ ಪೋಣಿಸಿದಂತಿತ್ತು. ಈಗ ಯೋಚಿಸಿದರೆ ಅಷ್ಟು ಚಂದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಆದರೆ ಆವತ್ತು ನನ್ನ ತಲೆಗೆ ಹೋದದ್ದು ಒಂದೇ: ನಾಳೆ ಜನ ಬರುತ್ತಾರೆ, ಈ ಮನೆಯ ಸೊಸೆ ಎಂಥ ಹೊಲಸಿಯಪ್ಪ ಎನ್ನುತ್ತಾರೆ.

ಸೀರೆಯ ಸೆರಗು ಸಿಕ್ಕಿಸಿ ಶುರುಮಾಡಿದೆ. ನೂಲು ಜೇಡರ ಬಲೆಯ ಹಾಗೆ ಒಣಗಿರಲಿಲ್ಲ, ಲೋಳೆಲೋಳೆಯಾಗಿ ಅಂಟುತ್ತಿತ್ತು. ಬಾವಲಿಗಳು ನನ್ನ ಮೇಲಿಂದಲೇ ಹಾರಿ ಹೊರಗೆ ಹೋದವು. ನಾನು ಕಿರಿಚಿದೆ, ಆದರೆ ಗುಡಿಸುವುದನ್ನು ಬಿಡಲಿಲ್ಲ. ಕಡ್ಡಿಯ ಸಂದಿನಲ್ಲಿ ಗಾಜಿನಂಥ, ಎಳೆಯ ಹುಳುಗಳು ಸಿಕ್ಕಿ ಒದ್ದಾಡುತ್ತಿದ್ದವು. ಅವನ್ನೂ ಕಲ್ಲಿಗೆ ಬಡಿದು ಒರೆಸಿದೆ. ಒಂದು ಗಂಟೆ ಕಳೆದಾಗ ಗುಹೆಯ ಮಾಡು ನಮ್ಮ ಅಡುಗೆಮನೆಯಷ್ಟು ಚೊಕ್ಕಟವಾಗಿತ್ತು. ಬೆವರು ಒರೆಸಿಕೊಂಡು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಗಂಜಿ ಬಸಿಯುತ್ತಿದ್ದರು.

"ಒಳ್ಗೂ ಗುಡ್ಸ್ದ್ಯಾ?" ಎಂದರು.

"ಒಳ್ಗೂ ಗುಡ್ಸ್ದೆ, ಮಾಡೂ ಗುಡ್ಸ್ದೆ. ಎಷ್ಟ್ ಬಲಿ ಇತ್ತ್ ಅತ್ತೆ! ಒಂದೂ ಬಿಡ್ಲಿಲ್ಲ."

ಗಂಜಿ ಒಲೆಗೆ ಚೆಲ್ಲಿತು. ಅತ್ತೆ ತಲೆಯ ಮೇಲೆ ಕೈ ಇಟ್ಟುಕೊಂಡು ಮಣೆಯ ಮೇಲೆ ಕೂತರು. "ಅಯ್ಯಯ್ಯೋ ಹೆಣೆ, ನೀ ಎಂತ ಮಾಡ್ಕಂಡ್ ಬಂದೆ! ಅದ್ ಬಲಿ ಅಲ್ಲ. ಅದ್ ಮಳಿ ನೂಲ್!"

ಆಮೇಲೆ ಕಡಿಮೆ ಮಾತಿನ ಅತ್ತೆ ಒಂದೇ ಉಸಿರಿಗೆ ಎಲ್ಲ ಹೇಳಿದರು. ಹತ್ತನಾವಧಿಯ ಬೆಳಿಗ್ಗೆ ನಮ್ಮನ್ನೂ ಸೇರಿಸಿ ಆಚೀಚೆಯ ಏಳು ಮನೆಯವರು ಗುಹೆಯ ಬಾಯಲ್ಲಿ ಸೇರುತ್ತಾರೆ. ಮಾವ ಒಬ್ಬರೇ ದೀಪ ಹಿಡಿದು ಒಳಗೆ ಹೋಗುತ್ತಾರೆ. ಎರಡು ಉಸಿರು ಬಿದ್ದರೆ ನೂಲು ಕಡಿಯುತ್ತದೆ ಎಂದು ಒಬ್ಬರೇ ಹೋಗುವುದು ಕ್ರಮ. ಮುಟ್ಟದೆ, ಪಕ್ಕದಲ್ಲಿ ಬೆರಳು ಹಿಡಿದು ನೂಲಿನ ಉದ್ದ ಅಳೆಯುತ್ತಾರೆ. ಒಂದು ಗೇಣು ಇಳಿದಿದ್ದರೆ ಮಳೆ ಹತ್ತಿರ, ಬೀಜ ನೆನೆಹಾಕಬಹುದು. ನಾಲ್ಕೇ ಬೆರಳಾದರೆ ತಡ, ಕಾಯಬೇಕು. ನೆನೆಹಾಕಿ ಮೊಳಕೆ ಬಂದ ಭತ್ತವನ್ನು ವಾಪಸು ಒಣಗಿಸಲಾಗುವುದಿಲ್ಲವಲ್ಲ, ಹಾಗಾಗಿ ಏಳು ಮನೆಯ ಅಗೆ, ಅಂದರೆ ನಾಟಿಯ ಸಸಿ, ಮಾವನ ಬೆರಳ ಮೇಲೆ ನಿಂತಿತ್ತು. ಮಾವನಿಗಿಂತ ಮೊದಲು ಅವರ ಅಪ್ಪ, ಅದಕ್ಕೂ ಮೊದಲು ಅವರ ಅಜ್ಜ ಅಳೆಯುತ್ತಿದ್ದರು.

"ಬಾಯ್ ಬಿಡ್ಬೇಡ" ಎಂದರು ಅತ್ತೆ. "ನಿನ್ ಮಾವಂಗೂ ಹೇಳ್ಬೇಡ. ಕಾಂಬ, ಎಂತ ಆತ್ತ್ ಅಂತ."

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಎನ್ನುತ್ತಾರಲ್ಲ, ಅದರ ಅರ್ಥ ನನಗೆ ಆವತ್ತು ಆಯಿತು. ಪಿಯುಸಿಯಲ್ಲಿ ವಿಜ್ಞಾನ ಓದಿದವಳು ನಾನು. ಹುಳದ ನೂಲು ನೋಡಿ ಯಾರಾದರೂ ಮಳೆ ಹೇಳುತ್ತಾರಾ ಎಂದು ಒಳಗೊಳಗೇ ವಾದ ಮಾಡಿಕೊಂಡೆ. ವಾದದಲ್ಲಿ ಗೆದ್ದೆ, ಆದರೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಜನ ಬಂದರು. ಅವರಲ್ಲಿ ಕೆಳಮನೆಯ ಅಕ್ಕ ಎಲ್ಲರಿಗಿಂತ ಮುಂದೆ. ಆಕೆ ನನಗಿಂತ ಹತ್ತು ವರ್ಷ ದೊಡ್ಡವರು. ದೊಡ್ಡ ಗದ್ದೆ, ಅದಕ್ಕಿಂತ ದೊಡ್ಡ ಬಾಯಿ. ಗುಹೆಯ ಬಾಯಿ ನೋಡಿ, "ಹೊಸ ಹೆಣ್ಣ್ ಚಂದ ಗುಡ್ಸಿತ್ತ್" ಎಂದು ಮೆಚ್ಚಿದರು. ನಾನು ಅತ್ತೆಯ ಹಿಂದೆ ಸರಿದೆ. ಮಾವ ತೆಂಗಿನಕಾಯಿ ಒಡೆದು, ದೀಪ ಹಿಡಿದು, ಬಗ್ಗಿ ಒಳಗೆ ಹೋದರು.

ಯಾವಾಗಲೂ ಬೇಗ ಬರುವವರು ಆವತ್ತು ತಡಮಾಡಿದರು ಎಂದು ಅತ್ತೆ ಆಮೇಲೆ ಹೇಳಿದರು. ನನಗಂತೂ ಅದು ಇಡೀ ಬೇಸಿಗೆಯಷ್ಟು ಉದ್ದವೆನಿಸಿತು. ಹೊರಗೆ ಬಂದರು. ದೀಪ ಕೆಳಗಿಟ್ಟರು. ಯಾರ ಮುಖವನ್ನೂ ನೋಡದೆ, "ಒಂದ್ ಗೇಣ್, ಮೇಲ್ ಎರಡ್ ಬೆರಳ್. ಬೀಜ ನೆನ್ಸಿ" ಎಂದರು.

ನನಗೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ, ಕೋಪ ಬಂತು. ಒಂದು ಎಳೆಯನ್ನೂ ಉಳಿಸಿರಲಿಲ್ಲ ನಾನು. ಇವರು ಗೇಣನ್ನು ಎಲ್ಲಿಂದ ತಂದರು? ಮೂವತ್ತೈದು ವರ್ಷದಿಂದ ಊರಿಗೆಲ್ಲ ಹೀಗೇ ಬುರುಡೆ ಬಿಡುತ್ತಾ ಬಂದಿದ್ದಾರಾ? ಜನ ಹೋದ ಮೇಲೆ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದ ಮಾವನ ಎದುರು ಹೋಗಿ ನಿಂತೆ.

"ಮಾವಯ್ಯ, ಅಲ್ಲಿ ನೂಲೇ ಇರ್ಲಿಲ್ಲ. ನಿನ್ನೆ ನಾನೇ ಗುಡ್ಸದ್ದ್."

"ಹಿಡಿಸೂಡಿ ಕಡ್ಡಿ ಎರಡ್ ಅಲ್ಲೇ ಬಿದ್ದಿತ್ತ್" ಎಂದರು ಮಾವ. ಅಂಗಿಯ ಜೇಬಿನಿಂದ ಎರಡು ಕಡ್ಡಿ ತೆಗೆದು ನನ್ನ ಕೈಗೆ ಕೊಟ್ಟರು. "ಬೇರೆಯವ್ರ್ ಕಂಡ್ರೆ ಕಷ್ಟ ಅಂತ ಹೆಕ್ಕಂಡ್ ಬಂದೆ."

"ಮತ್ತೆ ಸುಳ್ಳ್ ಎಂತಕ್ ಹೇಳಿದ್ರಿ?"

"ನೂಲಿಲ್ಲ ಅಂದ್ರೆ ಎಂತಕಿಲ್ಲ ಅಂತ ಕೇಂತ್ರ್. ಹೊಸ ಹೆಣ್ಣ್ ಬಂದ್ ಮಳಿ ಗುಡ್ಸಿ ಹಾಕ್ತ್ ಅಂತ ನೀ ಮುದ್ಕಿ ಆಪ್ವರಿಗೂ ಹೇಳ್ತ್ರ್. ನಿನ್ನ್ ಹೆಸರೇ ಅದಾತ್ತ್." ಕೊಡದಲ್ಲಿ ಉಳಿದ ನೀರನ್ನು ಬಾಳೆಯ ಬುಡಕ್ಕೆ ಸುರಿದರು. "ಹೋಯ್ಲಿ ಬಿಡ್. ಮಳಿ ಬಪ್ದ್ ಬತ್ತ್."

ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಎರಡು ಕಡ್ಡಿಯನ್ನೂ ಒಯ್ದು ಒಲೆಗೆ ಹಾಕಿದೆ.

ಏಳು ಮನೆಯವರೂ ಬೀಜ ನೆನೆಹಾಕಿದರು. ಗೋಣಿಯೊಳಗೆ ಮೊಳಕೆ ಬಂತು. ಅಗೆ ಗದ್ದೆಗೆ ಬಿತ್ತಿದರು. ಆಮೇಲೆ ನಾನು ಆಕಾಶ ನೋಡುವ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಎದ್ದರೆ ಆಕಾಶ, ಪಾತ್ರೆ ತೊಳೆಯುವಾಗ ಆಕಾಶ, ಬಟ್ಟೆ ಒಣಹಾಕುವಾಗ ಆಕಾಶ. ಜೀವಮಾನದಲ್ಲಿ ಮೊದಲ ಬಾರಿಗೆ ಒಣಗಿದ ಬಟ್ಟೆ ಕಂಡು ಹೊಟ್ಟೆ ಉರಿಯಿತು. ಪಡುವಣದಲ್ಲಿ ಮೋಡ ಕಟ್ಟುವುದು, ನಾನು ಮನಸ್ಸಿನಲ್ಲೇ ಕೈಮುಗಿಯುವುದು, ಸಂಜೆಯ ಹೊತ್ತಿಗೆ ಮೋಡ ಚದುರಿ ಹೋಗುವುದು. ಗಂಡ ಬೈಂದೂರಿನಲ್ಲಿ ನಾಲ್ಕು ಹನಿ ಬಿತ್ತಂತೆ ಎಂದು ಸುದ್ದಿ ತಂದರೆ, ಅದನ್ನು ಟಿಕೆಟು ಕೊಟ್ಟು ಇತ್ತ ಕರೆದುಕೊಂಡು ಬರಬಾರದಿತ್ತಾ ಎಂದು ಅವರ ಮೇಲೆ ರೇಗಿದೆ.

ಅಗೆ ಹಳದಿಯಾಯಿತು. ಗುಹೆಯ ಹೊಂಡದಿಂದ ಕೊಡದಲ್ಲಿ ನೀರು ಹೊತ್ತು ನಮ್ಮ ಗದ್ದೆಗೂ ಪಕ್ಕದವರ ಗದ್ದೆಗೂ ಚಿಮುಕಿಸಿದೆ. "ಎಂತ ಗೇಯ್ಮೆ ಹೆಣ್ಣ್ ಮಾರಾಯ್ರೆ!" ಎಂದು ಊರು ಹೊಗಳಿತು. ಪ್ರತಿ ಹೊಗಳಿಕೆಯೂ ಮುಳ್ಳಿನ ಹಾಗೆ ಚುಚ್ಚಿತು. ಎರಡು ವಾರದ ಹೊತ್ತಿಗೆ ಕೊಡದ ನೀರಿನಿಂದ ಆಗುವ ಕೆಲಸವಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು.

ಕೆಳಮನೆಯ ಅಕ್ಕ ಒಣಗಿದ ಅಗೆಯ ಒಂದು ಹಿಡಿ ಕಿತ್ತುಕೊಂಡು ನಮ್ಮ ಅಂಗಳಕ್ಕೆ ಬಂದರು. ಹಿಂದೆ ಉಳಿದ ಮನೆಯವರು. "ಹ್ವಾಯ್, ಎಂತ ಹ್ವಾಯ್ ಇದ್? ನೀವ್ ಗೇಣ್ ಅಂದ್ರಿ. ಇಲ್ಲಿ ಕಾಣಿ, ಹುರ್ದ್ ಹೋಯ್ತ್!"

ಮಾವ ಚಾವಡಿಯಿಂದ ಇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮಾವ ಒಂದು ಸಲ ನನ್ನ ಕಡೆ ನೋಡಿ, ಜನರ ಕಡೆ ತಿರುಗಿದರು.

"ನನ್ನ್ ತಪ್ಪೇ. ಕಣ್ಣ್ ಮಂಜಾಯ್ತ್. ನಾಕ್ ಬೆರಳಿದ್ದದ್ ಗೇಣ್ ಕಂಡಂಗಾಯ್ತ್. ಇನ್ ನಂಗೆ ಆತಿಲ್ಲ. ಬಪ್ಪೊರ್ಷದಿಂದ ಈ ಹೆಣ್ಣೇ ಕಾಣ್ಲಿ."

ಮಾವ ಕಣಜದಲ್ಲಿದ್ದ ನಮ್ಮ ಮನೆಯ ಬೀಜದ ಭತ್ತವನ್ನು ತೆಗೆಸಿ ಆರು ಮನೆಗೂ ಹಂಚಿದರು. ಅದಾದ ಮೂರನೆಯ ದಿನ ಮಳೆ ಹಿಡಿಯಿತು, ಎರಡನೆಯ ಅಗೆ ಚೆನ್ನಾಗಿಯೇ ಬಂತು, ಯಾರ ಮನೆಯಲ್ಲೂ ಒಲೆ ಆರಲಿಲ್ಲ. ಊರು ಬೇಗ ಮರೆಯಿತು. ಆದರೆ ಆವತ್ತು ಬಾಗಿಲ ಬಳಿ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎಲ್ಲರ ಮೇಲೂ ರೇಗುವ ನಾನು, ಬೇಕಾದ ಹೊತ್ತಿನಲ್ಲಿ ಹೇಡಿಯಾದೆ.

ಹೀಗೆ ನಾನು ಗುಹೆಯ ಅಧಿಕಾರಿಯಾದೆ. ನನ್ನ ಮೊದಲ ಭಯ, ಇನ್ನು ನೂಲು ಬರುವುದೇ ಇಲ್ಲವೇನೋ ಎಂದು. ವಾರಕ್ಕೊಮ್ಮೆ ಟಾರ್ಚು ಹಿಡಿದು ಹೋಗಿ, ಯಾವ ಮಾಡನ್ನು ಗುಡಿಸಿದ್ದೆನೋ ಅದೇ ಮಾಡನ್ನು ಕತ್ತು ನೋಯುವಷ್ಟು ನೋಡಿದೆ. ಆಸಾಡಿಯ ಜಡಿಮಳೆಯಲ್ಲಿ ಒಂದು ಬಿರುಕಿನ ಬಾಯಲ್ಲಿ ಒಂದೇ ಒಂದು ಹುಳು ಕಂಡಿತು. ಅರ್ಧ ಬೆರಳು ಉದ್ದ, ಗಾಜಿನ ಹಾಗೆ ಆಚೆಯದು ಕಾಣುವಂಥದು. ಮಾಡಿನ ಕೆಳಗೆ ಲೋಳೆಯ ಒಂದು ಹಾಸಿಗೆ ಕಟ್ಟಿ ಅದರಲ್ಲಿ ಮಲಗಿತ್ತು. ಹಾಸಿಗೆಯಿಂದ ಒಂದು ಬೆರಳಷ್ಟು ನೂಲು ಇಳಿಬಿಟ್ಟಿತ್ತು. ನಾನು ಅಲ್ಲೇ, ಬಾವಲಿಯ ಹಿಕ್ಕೆಯ ಮೇಲೇ, ಕೂತುಬಿಟ್ಟೆ. ಹೆರಿಗೆಯ ಸುದ್ದಿ ಕೇಳಿದಷ್ಟು ಸಂತೋಷವಾಗಿತ್ತು. ಮನೆಗೆ ಓಡಿಬಂದು ಮಾವನ ಕಿವಿಯಲ್ಲಿ "ಒಂದ್ ಬಂತ್!" ಎಂದೆ. ಮಾವ ಮಕ್ಕಳ ಹಾಗೆ ನಕ್ಕರು.

ಆಮೇಲೆ ಅದೇ ನನ್ನ ಹುಚ್ಚಾಯಿತು. ಕುಂದಾಪುರದಿಂದ ಗಂಡನ ಕೈಯಲ್ಲಿ ಒಂದು ಭೂತಗನ್ನಡಿ ತರಿಸಿಕೊಂಡೆ. ಪಿಯುಸಿಯಲ್ಲಿ ನೊಣದ ಜೀವನಚಕ್ರದ ಚಿತ್ರ ಬಿಡಿಸಿ ಅಂಕ ತೆಗೆದವಳು, ನಿಜವಾದದ್ದನ್ನು ಕಂಡದ್ದು ಈ ಗುಹೆಯಲ್ಲಿ. ಗೋಡೆಯ ಮೇಲೆ ಕೂರುವ ಉದ್ದ ಕಾಲಿನ ನೊಣಗಳೇ ಈ ಹುಳುಗಳ ಅಪ್ಪ ಅಮ್ಮಂದಿರು. ರೆಕ್ಕೆ ಬಂದ ಮೇಲೆ ಅವಕ್ಕೆ ಆಯುಸ್ಸು ತೀರಾ ಕಡಿಮೆ. ಬಾವಲಿಯ ಹಿಕ್ಕೆಯಲ್ಲಿ ಹುಟ್ಟುವ ಸಣ್ಣ ನೊಣಗಳು ಹಾರಾಡುತ್ತಾ ನೂಲಿನ ಹನಿಗೆ ಅಂಟಿಕೊಳ್ಳುತ್ತವೆ. ಹುಳು ಹಾಸಿಗೆಯಿಂದ ಬಗ್ಗಿ, ಬಾವಿಯಿಂದ ಕೊಡ ಸೇದುವಂತೆ ನೂಲನ್ನು ಮೇಲೆಳೆದು, ಸಿಕ್ಕಿದ್ದನ್ನು ತಿನ್ನುತ್ತದೆ. ತಿಂದಾದ ಮೇಲೆ ಹೊಸ ನೂಲು ಇಳಿಬಿಡುತ್ತದೆ. ಕೆಲವೊಮ್ಮೆ ಸ್ವಂತ ಜಾತಿಯ ನೊಣ ಸಿಕ್ಕಿದರೂ ಬಿಡುವುದಿಲ್ಲ. ನೆಂಟರೆಂಬ ದಾಕ್ಷಿಣ್ಯ ಅಲ್ಲಿಲ್ಲ.

ಮಳೆಯ ಗುಟ್ಟೂ ನಿಧಾನಕ್ಕೆ ತಿಳಿಯಿತು. ಹುಳಕ್ಕೆ ಗಾಳಿಯೂ ಆಗದು, ಒಣಹವೆಯೂ ಆಗದು. ಒಣಗಿದ ದಿನಗಳಲ್ಲಿ ನೂಲು ಗಿಡ್ಡ. ಮಳೆ ಹತ್ತಿರವಾಗಿ ಹವೆಯಲ್ಲಿ ಪಸೆ ತುಂಬಿ ಸೆಕೆ ಜಡ್ಡುಗಟ್ಟಿದಾಗ ನೂಲು ಉದ್ದ. ಮಾವನ ಅಜ್ಜನಿಗೆ ಪಿಯುಸಿ ಆಗಿರಲಿಲ್ಲ, ಕಣ್ಣಿತ್ತು. ಬುರುಡೆ ಎಂದು ಅಂದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು. ಮುಂದಿನ ಹತ್ತನಾವಧಿಗೆ ಮಾಡಿನ ತುಂಬ ನೂಲು ಬಂದಿತ್ತು. ಉಸಿರು ಬಿಗಿಹಿಡಿದು ಅಳೆದೆ. ಐದು ಬೆರಳು. "ಹತ್ತ್ ದಿನ ಕಾಯಿ" ಎಂದೆ. ಹತ್ತು ಹೋಗಿ ಹನ್ನೆರಡಾಯಿತು, ಮಳೆ ಬಂತು. ಕೆಳಮನೆಯ ಅಕ್ಕ ಮನೆತನಕ ಬಂದು ಕೆಸುವಿನೆಲೆ ಕೊಟ್ಟು ಹೋದರು.

ಇತ್ತ ಮಾವನಿಗೆ ಕುರುಡನ ಪಾರ್ಟು ಮಾಡುವ ಕಷ್ಟ ಶುರುವಾಗಿತ್ತು. ಒಮ್ಮೆ ಆಡಿದ ಮಾತಿಗೆ ಅವರು ತಪ್ಪುವವರಲ್ಲ. ದೂರದಲ್ಲಿ ಯಾರು ಬರುತ್ತಿದ್ದಾರೆಂದು ನಮಗೆ ಮೊದಲೇ ಹೇಳಿ, ಅವರು ಅಂಗಳಕ್ಕೆ ಬಂದ ಮೇಲೆ "ಯಾರ್ ಹ್ವಾಯ್ ಅದ್?" ಎಂದು ಕಣ್ಣು ಕಿರಿದು ಮಾಡುತ್ತಿದ್ದರು. ಕಣ್ಣು ಸರಿಯಿಲ್ಲವೆಂದು ಯಕ್ಷಗಾನದ ಆಟದಲ್ಲಿ ಎಲ್ಲರೂ ಅವರಿಗೆ ಮುಂದಿನ ಸಾಲು ಬಿಟ್ಟುಕೊಡುತ್ತಿದ್ದರು. ಅದನ್ನು ಮಾತ್ರ ಅವರು ಸಂತೋಷದಿಂದ ಒಪ್ಪಿಕೊಂಡರು. ಊರವರ ಪ್ರೀತಿ ಅಲ್ಲಿಗೆ ನಿಲ್ಲಲಿಲ್ಲ. ಕುಂದಾಪುರದಲ್ಲಿ ಯಾರೋ ಉಚಿತ ಕಣ್ಣಿನ ತಪಾಸಣೆ ಇಟ್ಟಾಗ ಕೆಳಮನೆಯ ಅಕ್ಕನೇ ಮುಂದೆ ನಿಂತು ಅವರನ್ನು ಬಸ್ಸು ಹತ್ತಿಸಿಕೊಂಡು ಹೋದರು. ಬೋರ್ಡಿನ ಮೇಲಿನ ಅಂಗೈಯಷ್ಟು ದೊಡ್ಡ ಅಕ್ಷರವನ್ನೂ ಮಾವ ತಪ್ಪು ಓದಿದರಂತೆ. ಡಾಕ್ಟರರು ತಲೆ ಕೆರೆದುಕೊಂಡು ಒಂದು ದಪ್ಪ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡರೆ ಮಾವನಿಗೆ ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ! ಊರಲ್ಲಿ ಹೋಗುವಾಗ ಹಾಕಿಕೊಂಡು ಎರಡು ಸಲ ಗದ್ದೆಗೆ ಬಿದ್ದರು. ಮನೆಗೆ ಬಂದು ತೆಗೆದಿಟ್ಟು, ನನ್ನ ಸೂಜಿಗೆ ನೂಲು ಪೋಣಿಸುತ್ತಿದ್ದರು. ನಾನು, ಅತ್ತೆ, ಮಾವ ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಗುವಿನ ನಡುವೆ ಒಂದು ವಿಷಯ ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಪ್ರತಿ ಹತ್ತನಾವಧಿಗೆ ನಾನು ಒಳಗೆ ಹೋಗುವಾಗ ಮಾವ ಗುಹೆಯ ಬಾಯಲ್ಲಿ ನಿಂತು ಒಳಗೆ ಕತ್ತು ಚಾಚುತ್ತಿದ್ದರು. ಹೋಗುತ್ತಿರಲಿಲ್ಲ. ಅಳೆಯುವವರೊಬ್ಬರೇ ಒಳಗೆ ಹೋಗಬೇಕು ಎಂಬುದು ಅವರ ಅಜ್ಜ ಹಾಕಿಕೊಟ್ಟ ಕ್ರಮ, ಆ ಕೆಲಸ ಈಗ ಅವರದ್ದಲ್ಲ. ನಾನು ಹೊರಗೆ ಬಂದ ಮೇಲೆ ಜನರಿಗೆ ಉದ್ದ ಹೇಳುತ್ತಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಅವರು ಬೇರೆಯೇ ಕೇಳುತ್ತಿದ್ದರು. "ಹನಿ ಹ್ಯಾಂಗಿತ್ತ್? ದೀಪ ಹಿಡ್ದ್ರೆ ಮಿನ್ಗತ್ತಾ? ಹೊಂಡದ್ ಮೇಲ್ ಜಾಸ್ತಿ ಇತ್ತಾ?" ಅವರು ಪ್ರೀತಿಯಿಂದ ನೋಡುತ್ತಿದ್ದ ಒಂದೇ ಒಂದು ವಸ್ತುವನ್ನು ನಾನು ಕಿತ್ತುಕೊಂಡಿದ್ದೆ. ಬರುವ ವರ್ಷ ಎಲ್ಲರೆದುರು ಸತ್ಯ ಹೇಳುತ್ತೇನೆ ಎಂದು ಪ್ರತಿ ವರ್ಷ ಅಂದುಕೊಂಡೆ. ಬರುವ ವರ್ಷಗಳೆಲ್ಲ ಬಂದು ಹೋದವು. ಅತ್ತೆಯೂ ಹೋದರು. ಏಳು ಮನೆಗಳಲ್ಲಿ ಐದು ಮನೆಯವರು ಗದ್ದೆ ಬಿಟ್ಟು ರಬ್ಬರು ಹಾಕಿದರು. ಹತ್ತನಾವಧಿಗೆ ಗುಹೆಯ ಬಾಯಲ್ಲಿ ನಿಲ್ಲುವವರು ನಾವು ಮತ್ತು ಕೆಳಮನೆಯ ಅಕ್ಕ ಮಾತ್ರ ಉಳಿದೆವು.

ಎರಡು ಸಾವಿರದ ಹನ್ನೆರಡರ ಬೇಸಿಗೆ ಇರಬೇಕು. ಒಂದು ಮಧ್ಯಾಹ್ನ ಸೂಜಿ, ನೂಲು ಕೊಟ್ಟೆ. ಮಾವ ಸ್ವಲ್ಪ ಹೊತ್ತು ಹಿಡಿದುಕೊಂಡು, "ಇವತ್ ಬೇಡ" ಎಂದು ವಾಪಸು ಕೊಟ್ಟರು. ಮರುದಿನವೂ ಬೇಡ. ಮೂರನೆಯ ದಿನ ನಾನು ಮಾತಾಡದೆ ಅವರ ಎದುರು ಬರೀ ಸೂಜಿ ಹಿಡಿದು ನಿಂತೆ. ಅವರು ಕೈ ಚಾಚಿದ್ದು ಸೂಜಿಯಿಂದ ಒಂದು ಗೇಣು ಪಕ್ಕಕ್ಕೆ.

ಉಡುಪಿಯ ಡಾಕ್ಟರರು ಪೊರೆಯಲ್ಲ, ಕಣ್ಣಿನ ಒತ್ತಡದಿಂದ ನರವೇ ಒಣಗಿದೆ ಎಂದರು. ಮೂರು ನಾಲ್ಕು ವರ್ಷ ಮೊದಲು ಬಂದಿದ್ದರೆ ಉಳಿಸಬಹುದಿತ್ತಂತೆ. "ಇವರು ತಡವರಿಸಿ ನಡೆಯುವುದನ್ನು ಮನೆಯಲ್ಲಿ ಯಾರೂ ನೋಡಲೇ ಇಲ್ಲವಾ?" ಎಂದು ಕೇಳಿದರು. ನೋಡಿದ್ದೆವು ಡಾಕ್ಟ್ರೇ, ನೋಡಿ ನಕ್ಕಿದ್ದೆವು. ಪಾರ್ಟು ಎಲ್ಲಿ ಮುಗಿದು ನಿಜ ಎಲ್ಲಿ ಶುರುವಾಯಿತೋ ನಮಗೆ ತಿಳಿಯಲೇ ಇಲ್ಲ. ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಾ ಕೂತೆ. ಮಾವ ಪಕ್ಕದಲ್ಲಿ ಕೂತು, "ಬಾರ್ಕೂರ್ ರಸ್ತಿ ದಾಟ್ತಾ?" ಎಂದು ಆರಾಮವಾಗಿ ವಿಚಾರಿಸುತ್ತಿದ್ದರು.

ಆ ವರ್ಷದ ಹತ್ತನಾವಧಿಗೆ ಕೆಳಮನೆಯ ಅಕ್ಕ ಕೈಯಲ್ಲಿ ಮೊಬೈಲು ಹಿಡಿದುಕೊಂಡು ಬಂದರು. ನಾನು ದೀಪ ಹಚ್ಚಲಿಲ್ಲ. "ಅಕ್ಕ, ಒಂದ್ ಮಾತ್ ಇತ್ತ್" ಎಂದೆ. ನಾನು ಬಂದ ವರ್ಷದ ಹಿಡಿಸೂಡಿಯಿಂದ ಹಿಡಿದು ಉಡುಪಿಯ ಡಾಕ್ಟರರ ತನಕ ಎಲ್ಲ ಹೇಳಿದೆ. ಮಾವ "ಬಿಡ್ ಹೆಣೆ, ಬಿಡ್ ಹೆಣೆ" ಎನ್ನುತ್ತಲೇ ಇದ್ದರು. ನಾನು ಬಿಡಲಿಲ್ಲ.

ಅಕ್ಕ ನನ್ನನ್ನೇ ನೋಡಿದರು. ಆಮೇಲೆ ಆ ದೊಡ್ಡ ಬಾಯಿ ಗುಡ್ಡೆಗೆ ಕೇಳುವಂತೆ ತೆರೆಯಿತು. "ಒಂದ್ ಹಿಡಿ ಅಗಿ ಹೋದದ್ದಕ್ಕೆ ನಾವ್ ನಿನ್ನ ತಿಂದ್ ಬಿಡ್ತಿದ್ವಾ? ಹದ್ನಾಕ್ ವರ್ಷ ಅವ್ರನ್ನ ಕುರುಡ್ ಮಾಡಿ ಕೂರ್ಸಿದ್ಯಲ್ಲೆ! ಆ ಕನ್ನಡ್ಕ ಹಾಕ್ಸಿದ್ದ್ ನಾನ್! ನನ್ನ್ ಕೈಯಾರೆ!" ಅವರ ಕಣ್ಣಲ್ಲಿ ನೀರಿತ್ತು. ನಾನು ಬೈಸಿಕೊಂಡೆ. ಜೀವನದಲ್ಲಿ ಎದುರು ಮಾತಾಡದೆ ಬೈಸಿಕೊಂಡದ್ದು ಅದೊಂದೇ ಸಲ. ಕೊನೆಗೆ ಅಕ್ಕ ನನ್ನ ಕೈಗೆ ದೀಪ ತುರುಕಿ, "ಎಂತ ನಿಂತದ್ದ್? ಅವ್ರನ್ನ ಒಳ್ಗ್ ಕರ್ಕಂಡ್ ಹೋಗ್" ಎಂದರು.

"ಎರಡ್ ಉಸ್ರ್ ಬಿದ್ರೆ ನೂಲ್ ಕಡಿತ್ತ್" ಎಂದರು ಮಾವ.

"ಕಡೀಲಿ! ಹೋಯ್ನಿ ನೀವ್!"

ಮಾವನ ತಲೆ ಕಲ್ಲಿಗೆ ತಾಗದಂತೆ ನನ್ನ ಅಂಗೈ ಅಡ್ಡ ಹಿಡಿದು ಒಳಗೆ ಕರೆದುಕೊಂಡು ಹೋದೆ. ಅದು ಬೇಕಿರಲಿಲ್ಲ. ಎಲ್ಲಿ ಬಗ್ಗಬೇಕು, ಎಲ್ಲಿ ನೆಟ್ಟಗಾಗಬೇಕು ಎಂದು ಅವರ ಬೆನ್ನಿಗೆ ನನಗಿಂತ ಚೆನ್ನಾಗಿ ನೆನಪಿತ್ತು. ಹೊಂಡದ ಬಳಿ ನಿಂತರು. ಒಂದು ನೊಣ ಬಂದು ಅವರ ಕೆನ್ನೆಯ ಮೇಲೆ ಕೂತಿತು. ಓಡಿಸಲಿಲ್ಲ. ನಾನು ದೀಪ ಎತ್ತಿದೆ. ಮಾಡಿನ ತುಂಬ ಹನಿಗಳು ಮಿನುಗಿದವು.

"ಮಿನ್ಗತ್ತಾ?" ಎಂದು ಪಿಸುಗುಟ್ಟಿದರು.

"ಹೂಂ ಮಾವಯ್ಯ, ತುಂಬ."

ಅವರ ಬಲಗೈ ಹಿಡಿದು, ಒಂದು ನೂಲಿನ ಪಕ್ಕದಲ್ಲಿ ಹೆಬ್ಬೆರಳನ್ನು ಮಾಡಿಗೆ ತಾಗಿಸಿ, ಬೆರಳು ಅಗಲ ಮಾಡಿಸಿದೆ. ಇಬ್ಬರೂ ಉಸಿರು ಹಿಡಿದೆವು. ನೂಲಿನ ತುದಿ ಅವರ ಕಿರುಬೆರಳಿನ ಹತ್ತಿರ ಬಂದು ನಿಂತಿತು. ನನಗೆ ಏನನ್ನಿಸಿತೋ, "ಒಂದ್ ಗೇಣ್, ಮೇಲ್ ಎರಡ್ ಬೆರಳ್" ಎಂದೆ.

ಮಾವನ ಮುಖದಲ್ಲಿ ಹಳೆಯ ಛೇಡಿಸುವ ನಗು ಕಾಣಿಸಿತು. "ಸುಳ್ಳ್ ಹೇಳ್ಬೇಡ ಹೆಣೆ. ತುದಿ ಹನಿ ಕಿರುಬೆರಳಿಗೆ ತಾಗ್ತ್. ಗೇಣ್ ಸಮ."

ನೋಡಿದೆ. ಗೇಣು ಸಮವೇ ಇತ್ತು. ನೂಲು ಕಡಿದಿರಲಿಲ್ಲ.

ಹೊರಗೆ ಬಂದು ಉದ್ದವನ್ನು ಅವರೇ ಹೇಳಿದರು, ನಾನು ದೀಪ ಹಿಡಿದು ಹಿಂದೆ ನಿಂತಿದ್ದೆ. ಮಳೆಗೆ ಇನ್ನೂ ಒಂದು ವಾರ ಕಾಯಬೇಕೆಂದು ಅಕ್ಕನ ಮೊಬೈಲು ಹೇಳುತ್ತಿತ್ತಂತೆ. ಆಕೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಜ ನೆನೆಹಾಕಲು ಮನೆಗೆ ಹೋದರು.